ಸುಂಕದ ಏರಿಳಿತ ಲೆಕ್ಕ ಇಡುವುದು ಹೇಗೆ: ಉದ್ಯಮಬಾಗದ ಫೌಂಡ್ರಿಗೂ ವಿಜಯಪುರದ ಅಡತಿಗೂ

ಟಿವಿಯಲ್ಲಿ ‘ಶೇ 50 ಸುಂಕ’ ಎಂದು ಪಟ್ಟಿ ಓಡಿದರೆ ಅದರಲ್ಲಿ ದರ ಒಂದೇ ಇರುತ್ತದೆ. ಯಾವ ಕೋಡಿಗೆ, ಯಾವ ಆದೇಶದಡಿ, ಎಷ್ಟು ಗಂಟೆಯಿಂದ, ಹಡಗು ಹತ್ತಿದ ದಿನಕ್ಕೋ ಕಸ್ಟಮ್ಸ್ ಕಾಗದ ಸಲ್ಲಿಸಿದ ದಿನಕ್ಕೋ ಎಂಬ ನಾಲ್ಕು ಮಾತು ಅಲ್ಲಿ ಸಿಗುವುದಿಲ್ಲ. ಬೆಳಗಾವಿಯ ಉದ್ಯಮಬಾಗ, ಮಚ್ಛೆಯಿಂದ ಎರಕದ ಮಾಲು ಕಳಿಸುವವರಿಗೂ ವಿಜಯಪುರ, ಬಾಗಲಕೋಟೆಯಲ್ಲಿ ಕಡಲೆ, ತೊಗರಿ, ಉಳ್ಳಾಗಡ್ಡಿ ಹಿಡಿದು ಕೂತವರಿಗೂ ಲಾಭ-ಲುಕ್ಸಾನು ತೀರ್ಮಾನವಾಗುವುದು ಆ ನಾಲ್ಕರ ಮೇಲೆ. ಅವನ್ನು ಹುಡುಕಿ ಬರೆದಿಡುವ ಕ್ರಮ ಇಲ್ಲಿದೆ.

ಮೊದಲು ಕೋಡು

ಮಾಲಿನ ಹೆಸರಿನಿಂದ ಹುಡುಕಬೇಡಿ, ಎಚ್‌ಎಸ್‌ ಕೋಡಿನಿಂದ, ಅಂದರೆ ಕಸ್ಟಮ್ಸ್‌ನಲ್ಲಿ ಪ್ರತಿ ಮಾಲಿಗೂ ಇರುವ ಸಂಖ್ಯೆಯಿಂದ, ಹುಡುಕಿ. ಮೊದಲ ಆರು ಅಂಕಿ ಹೆಚ್ಚುಕಡಿಮೆ ಜಗತ್ತಿಗೆಲ್ಲ ಒಂದೇ. ಅದರ ಮುಂದೆ ಭಾರತ ಎಂಟು ಅಂಕಿಯವರೆಗೆ, ಅಮೆರಿಕ ಹತ್ತು ಅಂಕಿಯವರೆಗೆ ತನ್ನದೇ ವಿಂಗಡಣೆ ಮಾಡಿಕೊಂಡಿದೆ. ಉಳ್ಳಾಗಡ್ಡಿ 0703 10, ವಟಾಣಿ 0713 10, ಕಡಲೆ 0713 20, ತೊಗರಿ 0713 60, ಹಸಿ ದ್ರಾಕ್ಷಿ 0806 10, ಒಣದ್ರಾಕ್ಷಿ 0806 20.

ಧಾನ್ಯ, ಹಣ್ಣಿನಲ್ಲಿ ಇದು ಸಲೀಸು. ತಕರಾರು ಹುಟ್ಟುವುದು ಫೌಂಡ್ರಿ ಮಾಲಿನಲ್ಲಿ. ಎರಕದ ಕಬ್ಬಿಣದ ಸಾಮಾನ್ಯ ಮಾಲು 7325ರಲ್ಲಿ ಕೂತರೆ, ಪಂಪಿನ ಭಾಗವೆಂದು ಗುರುತು ಹಿಡಿಯಬಹುದಾದ್ದು 8413 91ಕ್ಕೆ, ವಾಲ್ವಿನ ಭಾಗ 8481 90ಕ್ಕೆ ಹೋಗುತ್ತದೆ. ನೀವು ಶಿಪ್ಪಿಂಗ್ ಬಿಲ್ಲಿನಲ್ಲಿ (ರಫ್ತಿಗೆ ಇಲ್ಲಿನ ಕಸ್ಟಮ್ಸ್‌ಗೆ ಕೊಡುವ ಕಾಗದ) ಒಂದು ಕೋಡು ಬರೆದು, ಅಮೆರಿಕದ ಕಸ್ಟಮ್ಸ್ ಬ್ರೋಕರ್ ಇನ್ನೊಂದು ಬರೆದರೆ ಸುಂಕ ಬೀಳುವುದು ಅವರು ಬರೆದದ್ದಕ್ಕೆ. ಹಾಗಾಗಿ ಅಮೆರಿಕದ ಖರೀದಿದಾರರಿಂದ ಹಿಂದಿನ ಒಂದು ಸಾಗಣೆಯ 7501 ಫಾರ್ಮಿನ (ಅಲ್ಲಿನ ಕಸ್ಟಮ್ಸ್‌ಗೆ ಸಲ್ಲಿಸುವ ಸುಂಕದ ಲೆಕ್ಕ) ಪ್ರತಿ ಕೇಳಿ ಪಡೆಯಿರಿ. ಯಾವ ಕೋಡಿಗೆ ಯಾವ ಸಾಲಿನಲ್ಲಿ ಎಷ್ಟು ಕಟ್ಟಿದ್ದಾರೆ ಎಂಬುದು ಅದರಲ್ಲಿ ಬರುತ್ತದೆ. ಬೆಲೆ ಕಾಣದಂತೆ ಮುಚ್ಚಿ ಕೊಟ್ಟರೂ ಅಡ್ಡಿಯಿಲ್ಲ.

ಕೋಡುಗಳೂ ಬದಲಾಗುತ್ತವೆ. ವಿಮಾನದ ಬಿಡಿಭಾಗಗಳು 2022ರ ಜನವರಿಯವರೆಗೆ 8803ರಲ್ಲಿದ್ದವು, ಆಮೇಲೆ 8807ಕ್ಕೆ ಬಂದವು. ಹಳೆಯ ಪಟ್ಟಿ ಇಟ್ಟುಕೊಂಡು ಹುಡುಕಿದರೆ ‘ಸುಂಕ ಇಲ್ಲ’ ಎಂದೇ ತೋರುತ್ತದೆ, ಯಾಕೆಂದರೆ ಆ ಸಾಲೇ ಅಲ್ಲಿಲ್ಲ. ಮುಂದಿನ ದೊಡ್ಡ ಪರಿಷ್ಕರಣೆ 2028ರ ಜನವರಿ 1ರಿಂದ ಜಾರಿಗೆ ಬರುತ್ತದೆ.

ಎರಡು ಕಚೇರಿ, ಒಂದೇ ಮಾಲು

ನಮ್ಮ ದೇಶದಲ್ಲಿ ಸುಂಕದ ಅಧಿಸೂಚನೆ ಹೊರಡಿಸುವುದು ಹಣಕಾಸು ಸಚಿವಾಲಯ. ಅದು ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯಾದ ಸಿಬಿಐಸಿಯ ಜಾಲತಾಣದಲ್ಲಿ ಸಿಗುತ್ತದೆ. ಮಾಲು ಮುಕ್ತವೋ, ನಿರ್ಬಂಧಿತವೋ, ನಿಷೇಧವೋ, ಕನಿಷ್ಠ ರಫ್ತು ಬೆಲೆ ಎಷ್ಟು ಎಂಬುದನ್ನು ಹೇಳುವುದು ವಾಣಿಜ್ಯ ಸಚಿವಾಲಯದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ. ಒಂದನ್ನೇ ನೋಡಿದವರು ಏಟು ತಿನ್ನುತ್ತಾರೆ. 2024ರ ಮೇ 4ರಂದು ಡಿಜಿಎಫ್‌ಟಿ ಉಳ್ಳಾಗಡ್ಡಿ ರಫ್ತಿನ ನಿಷೇಧ ತೆಗೆದು ಟನ್ನಿಗೆ 550 ಡಾಲರ್ ಕನಿಷ್ಠ ಬೆಲೆ ಇಟ್ಟಿತು. ‘ರಫ್ತು ಓಪನ್ ಆಯ್ತು’ ಎಂಬ ಸುದ್ದಿ ಹಬ್ಬಿತು. ಆದರೆ ಅದೇ ಹೊತ್ತಿಗೆ ಶೇ 40 ರಫ್ತು ಸುಂಕವೂ ಜಾರಿಯಲ್ಲಿತ್ತು. ಆ ಸೆಪ್ಟೆಂಬರ್ 13ರಂದು ಕನಿಷ್ಠ ಬೆಲೆ ಹೋಗಿ ಸುಂಕ ಶೇ 20ಕ್ಕೆ ಇಳಿಯಿತು. ಸುಂಕ ಪೂರ್ತಿ ಹೋಗಿದ್ದು 2025ರ ಏಪ್ರಿಲ್ 1ಕ್ಕೆ. ಹನ್ನೊಂದು ತಿಂಗಳಲ್ಲಿ ಮೂರು ಬಗೆಯ ಲೆಕ್ಕ.

ಇನ್ನೊಂದು ಗಮನಿಸಿ. ಉಳ್ಳಾಗಡ್ಡಿಗೆ ಶೇ 40 ಸುಂಕ ಬಿದ್ದ 2023ರ ಆಗಸ್ಟ್ 19 ಶನಿವಾರ. ಮೇಲೆ ಹೇಳಿದ 2024ರ ಮೇ 4 ಕೂಡ ಶನಿವಾರ. ಬಾಂಗ್ಲಾದೇಶದ ಸಿದ್ಧ ಉಡುಪು ಭೂಗಡಿಯಿಂದ ಬರಬಾರದೆಂದ 2025ರ ಮೇ 17 ಸಹ ಶನಿವಾರ. ವಾರಕ್ಕೊಮ್ಮೆ ಸೋಮವಾರ ಬೆಳಿಗ್ಗೆ ನೋಡಿದರಾಯಿತು ಎನ್ನುವವರಿಗೆ ಎರಡು ದಿನ ಕೈತಪ್ಪುತ್ತದೆ. ಬಂದರಿನಲ್ಲಿ ಮಾಲು ನಿಂತಿದ್ದರೆ ಶುಕ್ರವಾರ ರಾತ್ರಿ, ಶನಿವಾರ ಸಂಜೆ ಎರಡೂ ಹೊತ್ತು ನೋಡಿ.

ಆಂಟಿ-ಡಂಪಿಂಗ್ ಸುಂಕದ (ತೀರಾ ಅಗ್ಗಕ್ಕೆ ತಂದು ಸುರಿಯುವ ವಿದೇಶಿ ಮಾಲಿಗೆ ಹಾಕುವ ಸುಂಕ) ಸುದ್ದಿಗೆ ಒಂದೇ ಎಚ್ಚರಿಕೆ ಸಾಕು: ತನಿಖೆ ಮಾಡುವ ಕಚೇರಿಯಾದ ಡಿಜಿಟಿಆರ್‌ ಕೊಡುವುದು ಶಿಫಾರಸು. ಹಣಕಾಸು ಸಚಿವಾಲಯ ಅಧಿಸೂಚನೆ ಹೊರಡಿಸುವವರೆಗೆ ಸುಂಕ ಇಲ್ಲ.

ಯಾವ ದಿನಾಂಕ ಲೆಕ್ಕಕ್ಕೆ?

ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಉಪಯೋಗವಿಲ್ಲ. ಕಸ್ಟಮ್ಸ್ ಕಾಯ್ದೆಯ 15ನೇ ಕಲಮಿನ ಪ್ರಕಾರ ಆಮದು ಮಾಲಿಗೆ ಬಿಲ್ ಆಫ್ ಎಂಟ್ರಿ (ಆಮದಿನ ಕಸ್ಟಮ್ಸ್ ಕಾಗದ) ಸಲ್ಲಿಸಿದ ದಿನದ ದರ. ಮುಂಗಡ ಸಲ್ಲಿಸಿದ್ದರೆ ಹಡಗಿಗೆ ಒಳಪ್ರವೇಶ ಸಿಕ್ಕ ದಿನದ ದರ. ಬಾಂಡೆಡ್ ಗೋದಾಮಿನಲ್ಲಿ (ಸುಂಕ ಕಟ್ಟುವ ಮೊದಲೇ ಮಾಲು ಇಡಬಹುದಾದ ಗೋದಾಮು) ಇಟ್ಟಿದ್ದರೆ ಹೊರತೆಗೆಯಲು ಬಿಲ್ ಸಲ್ಲಿಸಿದ ದಿನದ ದರ. ಸುಂಕ ಇಳಿಯುತ್ತದೆ ಎಂಬ ಗಾಳಿಮಾತು ಇದ್ದಾಗ ಬಾಂಡಿನಲ್ಲಿ ಇಡುವುದು ಈ ಕಾರಣಕ್ಕೆ. ಏರಿದರೆ ಅದೇ ಕುತ್ತಿಗೆಗೆ ಬರುತ್ತದೆ. ರಫ್ತಿಗಾದರೆ 16ನೇ ಕಲಮು: ರಫ್ತಿಗೆ ಕಸ್ಟಮ್ಸ್ ಕೊಡುವ ಅನುಮತಿ, ಅಂದರೆ ಲೆಟ್ ಎಕ್ಸ್‌ಪೋರ್ಟ್ ಆರ್ಡರ್ ಸಿಕ್ಕ ದಿನ. ಲಾರಿ ಮುಂಬೈ ಬಳಿಯ ನಾವಾ ಶೇವಾ ಬಂದರಿನ ಗೇಟು ದಾಟಿದ ದಿನವೂ ಅಲ್ಲ, ಇನ್‌ವಾಯ್ಸ್ ದಿನವೂ ಅಲ್ಲ.

ದಿನ ಸಾಲದೆ ಗಂಟೆ, ನಿಮಿಷಕ್ಕೂ ಜಗಳ ಬಂದಿದೆ. ಪುಲ್ವಾಮಾ ದಾಳಿಯ ನಂತರ 2019ರ ಫೆಬ್ರುವರಿ 16ರಂದು ಪಾಕಿಸ್ತಾನದ ಎಲ್ಲ ಮಾಲಿಗೂ ಶೇ 200 ಸುಂಕ ಬಿತ್ತು. ಅದೂ ಶನಿವಾರವೇ. ಅಧಿಸೂಚನೆ ಇ-ಗೆಜೆಟ್‌ಗೆ ಏರಿದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಪಂಜಾಬಿನ ಅಟಾರಿ ಗಡಿಯಲ್ಲಿ ಅಂದೇ ಹಗಲಲ್ಲಿ ಬಿಲ್ ಸಲ್ಲಿಸಿದ್ದವರಿಗೂ ಇಲಾಖೆ ಹೊಸ ದರ ಹಾಕಿತು. 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಜಿ.ಎಸ್. ಛಾಥಾ ರೈಸ್ ಮಿಲ್ಸ್ ಪ್ರಕರಣದಲ್ಲಿ, ಗೆಜೆಟ್‌ಗೆ ಏರಿದ ಗಳಿಗೆಗಿಂತ ಮೊದಲು ಸಲ್ಲಿಸಿದ ಬಿಲ್ಲಿಗೆ ಹಳೆಯ ದರವೇ ಎಂದಿತು. ಹಾಗಾಗಿ ಅಧಿಸೂಚನೆಯ ಪಿಡಿಎಫ್ ಇಳಿಸಿಕೊಳ್ಳುವಾಗ ಇ-ಗೆಜೆಟ್ ಪ್ರತಿಯನ್ನೇ ಇಳಿಸಿಕೊಳ್ಳಿ, ಡಿಜಿಟಲ್ ಸಹಿಯ ಸಮಯ ಅದರಲ್ಲಿ ಇರುತ್ತದೆ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಇದಕ್ಕೆ ಬಾರದು.

ಕೆಲವು ಅಧಿಸೂಚನೆಗಳು ಈ ಸಾಮಾನ್ಯ ನಿಯಮ ಬಿಟ್ಟು ಬಿಲ್ ಆಫ್ ಲೇಡಿಂಗ್ (ಮಾಲು ಹಡಗಿಗೆ ಏರಿಸಿದ್ದಕ್ಕೆ ಸಾಗಣೆ ಕಂಪನಿ ಕೊಡುವ ರಸೀದಿ) ದಿನ ಹಿಡಿಯುತ್ತವೆ. ಹಳದಿ ವಟಾಣಿ ಹಾಗೆ. 2023ರ ಡಿಸೆಂಬರ್‌ನಿಂದ ಸುಂಕವಿಲ್ಲದೆ ಬರುತ್ತಿದ್ದದ್ದು, ಗಡುವು ಮುಂದೆ ಮುಂದೆ ಹೋಗಿ, ಕೊನೆಗೆ 2025ರ ನವೆಂಬರ್ 1ರಿಂದ ಶೇ 30ಕ್ಕೆ ಬಂತು. ಅಕ್ಟೋಬರ್ 31ರೊಳಗಿನ ಬಿಲ್ ಆಫ್ ಲೇಡಿಂಗ್ ಇದ್ದ ಮಾಲಿಗೆ ಮಾತ್ರ ವಿನಾಯಿತಿ ಉಳಿಯಿತು. ಅಂದರೆ ನವೆಂಬರ್ 1ಕ್ಕೆ ಬಾಗಿಲು ಮುಚ್ಚಲಿಲ್ಲ. ಆಗಲೇ ಸಮುದ್ರದಲ್ಲಿದ್ದ ವಟಾಣಿ ಮುಂದಿನ ವಾರಗಳಲ್ಲೂ ಸುಂಕವಿಲ್ಲದೆ ಇಳಿಯಬಹುದಿತ್ತು. ಕಡಲೆಯ ಜಾಗಕ್ಕೆ ವಟಾಣಿ ಬರುವುದರಿಂದ, ಕಡಲೆ ಹಿಡಿದಿಟ್ಟ ವಿಜಯಪುರದ ವ್ಯಾಪಾರಿ ತೇಜಿಯನ್ನು ಅಧಿಸೂಚನೆಯ ದಿನದಿಂದ ಎಣಿಸದೆ, ಸಮುದ್ರದ ಮಾಲು ಇಳಿದು ಮುಗಿಯುವ ದಿನದಿಂದ ಎಣಿಸಬೇಕು.

ಅಮೆರಿಕದ ಆದೇಶ ಓದುವ ಬಗೆ

ಅಮೆರಿಕದ ಸುಂಕಪಟ್ಟಿಯಲ್ಲಿ ನಿಮ್ಮ ಹತ್ತಂಕಿಯ ಸಾಲಿನ ಮುಂದೆ ಇರುವ ‘ಸಾಮಾನ್ಯ’ ದರ ನೋಡಿ ಸುಮ್ಮನಾಗಬೇಡಿ. ಹೆಚ್ಚುವರಿ ಸುಂಕಗಳೆಲ್ಲ 99ನೇ ಅಧ್ಯಾಯದಲ್ಲಿ, 9903ರಿಂದ ಶುರುವಾಗುವ ಸಾಲುಗಳಲ್ಲಿವೆ. ಆದೇಶದ ಪೂರ್ಣ ಪಠ್ಯ ಅಲ್ಲಿನ ಗೆಜೆಟ್ ಆದ ಫೆಡರಲ್ ರಿಜಿಸ್ಟರಿನಲ್ಲಿ, ಜಾರಿಯ ಸೂಚನೆ ಅಲ್ಲಿನ ಕಸ್ಟಮ್ಸ್ ಹೊರಡಿಸುವ ಸಂದೇಶಗಳಲ್ಲಿ ಸಿಗುತ್ತದೆ. ಆ ಸಂದೇಶಗಳಿಗೆ ಇಮೇಲ್ ಕೊಟ್ಟು ನೋಂದಾಯಿಸಿಕೊಳ್ಳಬಹುದು, ದುಡ್ಡಿಲ್ಲ.

2025ರದನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಉಕ್ಕು, ಅಲ್ಯೂಮಿನಿಯಂಗೆ, ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಸುಂಕ ಹಾಕುವ 232ನೇ ಕಲಮಿನಡಿ, ಮಾರ್ಚ್ 12ರಿಂದ ಶೇ 25, ಜೂನ್ 4ರಿಂದ ಶೇ 50. ಆಗಸ್ಟ್ 18ಕ್ಕೆ ಆ ಪಟ್ಟಿಗೆ ಇನ್ನೂ 407 ಕೋಡು ಸೇರಿದವು. ಇದರ ಪಕ್ಕದಲ್ಲೇ, ತುರ್ತು ಅಧಿಕಾರದ ಬೇರೆ ಕಾಯ್ದೆಯಡಿ, ಭಾರತದ ಮಾಲಿಗೆ ಆಗಸ್ಟ್ 7ರಿಂದ ಶೇ 25, ರಷ್ಯಾದ ತೈಲದ ಕಾರಣ ಹೇಳಿ ಆಗಸ್ಟ್ 27ರಿಂದ ಮತ್ತೆ ಶೇ 25. 232ರ ಸುಂಕ ಬಿದ್ದ ಲೋಹದ ಮೌಲ್ಯಕ್ಕೆ ಈ ಎರಡೂ ಬೀಳುತ್ತಿರಲಿಲ್ಲ. ಆಗ 232ರಲ್ಲಿದ್ದದ್ದಕ್ಕೂ ಶೇ 50, ಹೊರಗಿದ್ದದ್ದಕ್ಕೂ ಶೇ 50. ಅಂಕಿ ಒಂದೇ ಕಂಡಿತೆಂದು ಒಂದೇ ಸಾಲಿನಲ್ಲಿ ಬರೆದವರು ಸಿಕ್ಕಿಬಿದ್ದರು. ಆ ಎರಡರ ಬೇರು ಬೇರೆ: ದೇಶಗಳ ನಡುವಿನ ಮಾತುಕತೆಯಲ್ಲೋ ಕೋರ್ಟಿನಲ್ಲೋ ಒಂದು ಬಿದ್ದರೆ ಇನ್ನೊಂದು ಅಲ್ಲಾಡುವುದಿಲ್ಲ. ಮೇ 28ರಂದು ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ತುರ್ತು ಕಾಯ್ದೆಯ ಸುಂಕಗಳ ವಿರುದ್ಧ ತೀರ್ಪು ಕೊಟ್ಟಾಗ ಉಕ್ಕಿನ ಸುಂಕವನ್ನು ಅದು ಮುಟ್ಟಲೇ ಇಲ್ಲ.

ಸಮಯದ ಸಾಲನ್ನು ಹೀಗೆ ಓದಿ. ‘ಪೂರ್ವ ಹಗಲು ಕಾಲಮಾನ ರಾತ್ರಿ 12.01’ ಎಂದರೆ ನಮ್ಮಲ್ಲಿ ಅದೇ ದಿನ ಬೆಳಿಗ್ಗೆ 9.31, ಅಲ್ಲಿ ಚಳಿಗಾಲವಿದ್ದರೆ 10.31. ಆಗಸ್ಟ್ 27ಕ್ಕೆ ಜಾರಿಯಾದ ಆದೇಶದಲ್ಲಿ ದಾರಿಯಲ್ಲಿರುವ ಮಾಲಿಗೆ ವಿನಾಯಿತಿ ಇತ್ತು: ಆ ಗಳಿಗೆಗೆ ಮೊದಲು ಹಡಗಿಗೆ ಏರಿರಬೇಕು, ಜೊತೆಗೆ ಸೆಪ್ಟೆಂಬರ್ 17ರ 12.01ಕ್ಕೆ ಮೊದಲು ಅಲ್ಲಿ ಕಸ್ಟಮ್ಸ್ ಪ್ರವೇಶ ಆಗಿರಬೇಕು. ಎರಡೂ ಷರತ್ತು ಕೂಡಬೇಕು. ನಡುವಿನ ಅಂತರ 21 ದಿನ. ನಾವಾ ಶೇವಾದಿಂದ ಅಮೆರಿಕದ ಪೂರ್ವ ಕರಾವಳಿಗೆ ಅಷ್ಟರಲ್ಲಿ ಮುಟ್ಟುವ ಹಡಗು ಸಿಗುವುದು ಕಷ್ಟ. ಅಂದರೆ ಆಗಸ್ಟ್ 26ಕ್ಕೆ ಹೇಗಾದರೂ ಏರಿಸಬೇಕೆಂದು ರಾತ್ರಿಯಿಡೀ ಪ್ಯಾಕಿಂಗ್ ಮಾಡಿಸಿದ್ದು ದಂಡ. ವಿನಾಯಿತಿ ಸಿಕ್ಕಿದ್ದು ಆಗಲೇ ಅರ್ಧದಾರಿ ಸವೆಸಿದ್ದ ಕಂಟೇನರುಗಳಿಗೆ. ಓವರ್‌ಟೈಮ್‌ಗೆ ದುಡ್ಡು ಸುರಿಯುವ ಮೊದಲು ಎರಡನೇ ಷರತ್ತು ಓದಿ.

ಪ್ರತೀಕಾರದ ಸುಂಕ

ಒಂದು ದೇಶ ‘ನಾವೂ ಹಾಕುತ್ತೇವೆ’ ಎಂದ ಕೂಡಲೇ ಏನೂ ಬೀಳುವುದಿಲ್ಲ. ಹೇಳಿಕೆ, ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯುಟಿಒ) ಸೂಚನೆ, ಕೋಡುಗಳ ಪಟ್ಟಿ, ಜಾರಿಯ ದಿನ, ಮುಂದೂಡಿಕೆ, ವಾಪಸಾತಿ — ಯಾವ ಮೆಟ್ಟಿಲಲ್ಲಿದೆ ಎಂದು ಬರೆಯಿರಿ. ಅಮೆರಿಕದ ಉಕ್ಕಿನ ಸುಂಕಕ್ಕೆ ಎದುರಾಗಿ ಭಾರತ 2018ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿ ಆಗಸ್ಟ್ 4ಕ್ಕೆ ಜಾರಿ ಎಂದಿತು. ಮತ್ತೆ ಮತ್ತೆ ಮುಂದೂಡಿ ಜಾರಿಯಾಗಿದ್ದು 2019ರ ಜೂನ್ 16ಕ್ಕೆ. ಸೇಬು, ಬಾದಾಮಿ, ಅಕ್ರೋಟು, ಕಡಲೆ, ಮಸೂರಿನ ಮೇಲಿನ ಹೆಚ್ಚುವರಿ 2023ರ ಸೆಪ್ಟೆಂಬರ್‌ನಲ್ಲಿ ಹೋಯಿತು. 2025ರ ಮೇನಲ್ಲಿ ಭಾರತ ಡಬ್ಲ್ಯುಟಿಒಗೆ ಕೊಟ್ಟದ್ದೂ ಪ್ರಸ್ತಾವದ ಸೂಚನೆ. ಅದನ್ನೇ ‘ಸುಂಕ ಬಿತ್ತು’ ಎಂದು ಓದಿದವರು ಎರಡು ಮೆಟ್ಟಿಲು ಹಾರಿದ್ದರು.

ಇಳಿಕೆಯೂ ಅಷ್ಟೇ ಬೇಗ ಆಗುತ್ತದೆ. ಅಮೆರಿಕ, ಚೀನಾ ಪರಸ್ಪರ ಶೇ 145, ಶೇ 125ರವರೆಗೆ ಏರಿ, 2025ರ ಮೇ 14ಕ್ಕೆ ಶೇ 30, ಶೇ 10ಕ್ಕೆ ಇಳಿದವು, ಅದೂ 90 ದಿನದ ಮಟ್ಟಿಗೆ. ಏಪ್ರಿಲ್ ಕೊನೆಯಲ್ಲಿ ‘ಚೀನಾದ ಎರಕ ಇನ್ನು ಬರಲ್ಲ’ ಎಂದು ನಂಬಿ ಹೊಸ ಪ್ಯಾಟರ್ನ್ ಮಾಡಿಸಲು ಹೊರಟಿದ್ದರೆ ಎರಡು ವಾರದಲ್ಲಿ ಲೆಕ್ಕ ತಲೆಕೆಳಗು. ಗಡುವು ಬರೆದ ರಿಯಾಯಿತಿಗೆ ಗಡುವಿನ ಹದಿನೈದು ದಿನ ಮೊದಲು ಮೊಬೈಲಿನಲ್ಲಿ ಅಲಾರಂ ಇಡಿ.

ಮೂರನೆಯವರ ಜಗಳ ನಮ್ಮ ಎಪಿಎಂಸಿಗೆ ಬರುವ ದಾರಿಯನ್ನೂ ನೋಡಿ. ಕೆನಡಾ ಚೀನಾದ ವಿದ್ಯುತ್ ವಾಹನಗಳಿಗೆ ಸುಂಕ ಹಾಕಿತು. ಚೀನಾ 2025ರ ಮಾರ್ಚ್ 20ರಿಂದ ಕೆನಡಾದ ವಟಾಣಿಗೆ ಶೇ 100 ಹಾಕಿತು. ಚೀನಾದ ಬಾಗಿಲು ಮುಚ್ಚಿದ ವಟಾಣಿಗೆ ಉಳಿದ ದೊಡ್ಡ ಗಿರಾಕಿ ಭಾರತ, ಇಲ್ಲಿ ಆಗ ಸುಂಕವಿರಲಿಲ್ಲ. ಬೇಸನ್ನಿಗೂ ದಾಲಿಗೂ ಕಡಲೆಯ ಜಾಗಕ್ಕೆ ವಟಾಣಿ ಬರುತ್ತದೆ, ಕಡಲೆಯ ಭಾವ ಜಗ್ಗುತ್ತದೆ. ಕಡಲೆಗೆ ಅದೇ ಏಪ್ರಿಲ್ 1ರಿಂದ ಶೇ 10 ಆಮದು ಸುಂಕ ಬಂದಿತ್ತು ನಿಜ, ಆದರೆ ಪಕ್ಕದ ವಟಾಣಿ ಸೊನ್ನೆಯಲ್ಲಿದ್ದಾಗ ಆ ಶೇ 10 ಕಾಯುವುದು ಅಷ್ಟಕ್ಕಷ್ಟೇ. ಅದಕ್ಕೇ ನಿಮ್ಮ ಮಾಲಿನ ಕೋಡಿನ ಜೊತೆಗೆ ಅದರ ಜಾಗಕ್ಕೆ ಬರಬಲ್ಲ ಮಾಲಿನ ಕೋಡನ್ನೂ ಹಾಳೆಗೆ ಸೇರಿಸಿ.

ಎಲ್ಲ ಪ್ರತೀಕಾರವೂ ಸುಂಕದ ರೂಪದಲ್ಲಿ ಬರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶ ಭಾರತದ ನೂಲು ಭೂಗಡಿಯಿಂದ ಬರುವುದನ್ನು ನಿಲ್ಲಿಸಿತು, ಮೇನಲ್ಲಿ ಭಾರತ ಅಲ್ಲಿನ ಉಡುಪನ್ನು ನಾವಾ ಶೇವಾ, ಕೋಲ್ಕತ್ತ ಬಂದರಿಗಷ್ಟೇ ಸೀಮಿತ ಮಾಡಿತು. ದರ ಹಾಗೇ ಇತ್ತು, ದಾರಿ ಮುಚ್ಚಿತ್ತು.

ಹಾಳೆ ಮತ್ತು ಲೆಕ್ಕ

ಎಕ್ಸೆಲ್‌ನಲ್ಲಿ ಒಂದು ಮಾಲಿಗೆ ಒಂದು ಸಾಲು ಬೇಡ, ಒಂದು ಆದೇಶಕ್ಕೆ ಒಂದು ಸಾಲು ಇಡಿ. ಅಂಕಣಗಳು: ಕೋಡು, ಹಾಕಿದ ದೇಶ, ಆದೇಶದ ಸಂಖ್ಯೆ, ಕಾನೂನಿನ ಬೇರು, ದರ, ಯಾವುದರ ಜೊತೆ ಕೂಡುತ್ತದೆ ಅಥವಾ ಕೂಡುವುದಿಲ್ಲ, ಜಾರಿಯ ದಿನ-ಗಂಟೆ ನಮ್ಮ ಸಮಯದಲ್ಲಿ, ಲೆಕ್ಕಕ್ಕೆ ಬರುವ ಘಟನೆ, ಮುಗಿಯುವ ದಿನ, ಪಿಡಿಎಫ್ ಇರುವ ಜಾಗ. ಹಳೆಯ ಸಾಲು ಅಳಿಸಬೇಡಿ, ಮುಗಿದ ದಿನ ಬರೆದು ಬಿಡಿ. ವರ್ಷ ಬಿಟ್ಟು ಕಸ್ಟಮ್ಸ್ ನೋಟಿಸು ಬಂದರೆ, ಇಲ್ಲವೇ ಮರುಪಾವತಿ ಕೇಳಬೇಕಾದರೆ ಬೇಕಾಗುವುದು ಆ ಹಳೆಯ ಸಾಲೇ.

ಶೇಕಡಾವಾರನ್ನು ಸುಮ್ಮನೆ ಕೂಡಿಸಬಾರದು. ಭಾರತಕ್ಕೆ ಬರುವ ಯಂತ್ರಭಾಗದ ಮೌಲ್ಯ, ವಿಮೆ-ಹಡಗು ಬಾಡಿಗೆ ಸೇರಿ, ₹10,00,000 ಎನ್ನಿ. ಮೂಲ ಸುಂಕ ಶೇ 10 ಅಂದರೆ ₹1,00,000. ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್ ₹10,000. ಐಜಿಎಸ್‌ಟಿ ಶೇ 18 ಬೀಳುವುದು ₹11,10,000ದ ಮೇಲೆ, ₹1,99,800. ಒಟ್ಟು ₹3,09,800. ಐಜಿಎಸ್‌ಟಿ ಕ್ರೆಡಿಟ್ ಸಿಗುವವರಿಗೆ ನಿಜವಾದ ಖರ್ಚು ₹1,10,000, ಆದರೆ ಮಾಲು ಬಿಡಿಸುವ ದಿನ ಕೈಯಲ್ಲಿ ಬೇಕಾದದ್ದು ಮೂರು ಲಕ್ಷದ ಮೇಲೆ. ಅಮೆರಿಕ ಸುಂಕ ಹಾಕುವಾಗ ಸಾಗರದ ಬಾಡಿಗೆ, ವಿಮೆ ಬಿಟ್ಟ ಮೌಲ್ಯ ಹಿಡಿಯುತ್ತದೆ; ಅದಕ್ಕೆ ಇನ್‌ವಾಯ್ಸ್‌ನಲ್ಲಿ ಬಾಡಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸಿ.

ಕೊನೆಗೆ ಆರ್ಡರಿನ ಷರತ್ತು. ಎಫ್‌ಒಬಿ, ಸಿಐಎಫ್‌ ಆರ್ಡರಿನಲ್ಲಿ (ಮೊದಲನೆಯದು ಹಡಗಿಗೆ ಏರಿಸುವವರೆಗಿನ ಬೆಲೆ, ಎರಡನೆಯದು ವಿಮೆ-ಬಾಡಿಗೆ ಸೇರಿದ ಬೆಲೆ) ಅಲ್ಲಿನ ಸುಂಕ ಖರೀದಿದಾರರ ತಲೆಗೆ. ಡಿಡಿಪಿ (ಅಲ್ಲಿನ ಸುಂಕವನ್ನೂ ಕಟ್ಟಿ ಮುಟ್ಟಿಸುವ ಬೆಲೆ) ಎಂದು ಬರೆದುಕೊಟ್ಟಿದ್ದರೆ ನಿಮ್ಮ ತಲೆಗೆ, ಆರ್ಡರ್ ಒಪ್ಪಿದ ಮೇಲೆ ಬಂದ ಏರಿಕೆಯೂ ಸೇರಿ. ಡಿಡಿಪಿ ಬಿಡಲಾಗದಿದ್ದರೆ ‘ಕೊಟೇಶನ್ ದಿನಾಂಕದ ಸುಂಕದರಕ್ಕೆ ಈ ಬೆಲೆ, ಅಲ್ಲಿನ ಕಸ್ಟಮ್ಸ್ ಪ್ರವೇಶದ ದಿನದ ದರ ಬೇರೆಯಾದರೆ ವ್ಯತ್ಯಾಸ ಖರೀದಿದಾರರದು, ಮರುಪಾವತಿ ಬಂದರೆ ಕಟ್ಟಿದವರಿಗೆ’ ಎಂಬ ಸಾಲು ಪರ್ಚೇಸ್ ಆರ್ಡರಿನಲ್ಲೇ ಸೇರಿಸಿ, ಕೋಡು ಮತ್ತು ಅಂದಿನ ದರ ಅದರ ಕೆಳಗೆ ಬರೆಯಿರಿ.