ಬಿಸಿಯಾದಾಗ ಮಾತ್ರ ಕೈಕೊಡುತ್ತಿದ್ದ ಕೀ ಸೆಟ್: ನನ್ನ ಅನುಭವ

ದಾವಣಗೆರೆಯಲ್ಲಿ 18 ವರ್ಷಗಳಿಂದ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿರುವ ನನ್ನನ್ನು, ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರ ಹಳೆಯ ಕಾರ್ಬ್ಯುರೇಟರ್ ಮಾರುತಿ 800 ಕಾಡಿದಷ್ಟು ಬೇರೆ ಯಾವ ಗಾಡಿಯೂ ಕಾಡಿಲ್ಲ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದ್ದ ಕಾರು, ಬೇಸಿಗೆಯಲ್ಲಿ ದುರ್ಗದಿಂದ ಹೊರಟು ಭರಮಸಾಗರದಲ್ಲಿ ಚಹಾಕ್ಕೆಂದು ನಿಲ್ಲಿಸಿದರೆ, ಮತ್ತೆ ಕೀ ತಿರುಗಿಸಿದಾಗ ‘ಟಕ್’ ಎಂದು ಸುಮ್ಮನಾಗುತ್ತಿತ್ತು. ನನ್ನ ಬಳಿಗೆ ಬರುವ ಮೊದಲೇ ಅವರು ಹೊಸ ಬ್ಯಾಟರಿಗೆ ಸುಮಾರು 4,000 ರೂಪಾಯಿ, ಸೆಲ್ಫ್ (ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರ್) ಬಿಚ್ಚಿಸಿ ಬುಷ್ ಮತ್ತು ಕಾರ್ಬನ್ ಹಾಕಿಸಲು 1,500ರಷ್ಟು ಕಳೆದುಕೊಂಡಿದ್ದರು.

ಸೆಲ್ಫಿಗೆ ಹೋಗುವ ಸಣ್ಣ ವೈರಿನ ಕಪ್ಲರ್ ಕಳಚಿ ಟೆಸ್ಟ್ ಲ್ಯಾಂಪ್ ಹಿಡಿದಾಗ ಅದು ಚೆನ್ನಾಗಿಯೇ ಉರಿದಿದ್ದರಿಂದ ನಾನೂ ಮೊದಲು ಮೋಸಹೋದೆ. ಅರ್ಧ ಆಂಪಿಯರ್ ಕೂಡ ಎಳೆಯದ ಲ್ಯಾಂಪಿಗೆ ಕೀ ಸೆಟ್‌ನ (ಕೀ ತಿರುಗಿಸುವ ಇಗ್ನಿಷನ್ ಸ್ವಿಚ್ಚಿನ) ಸುಟ್ಟ ಕಾಂಟ್ಯಾಕ್ಟ್ ಕೂಡ ಸಾಕಾಗುತ್ತದೆ, ಸೆಲ್ಫಿಗೆ ಕರೆಂಟ್ ಹಾಯಿಸುವ ಸೊಲೆನಾಯ್ಡಿಗೆ ಸಾಕಾಗುವುದಿಲ್ಲ.

ಕೊನೆಗೆ, ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಕಾರಿನ ಸ್ಟೀರಿಂಗ್ ಕವರ್ ತೆಗೆದು, ಮನೆಯ ಹೇರ್ ಡ್ರೈಯರ್‌ನಿಂದ ಸ್ವಿಚ್ಚಿನ ಹಿಂಭಾಗವನ್ನಷ್ಟೇ 5 ನಿಮಿಷ ಕಾಯಿಸಿದೆ. “ಸೆಲ್ಫ್ ಬಿಚ್ಚೋದು ಬಿಟ್ಟು ಕೀ ಸೆಟ್ ಕಾಯಿಸ್ತಾ ಕೂತಿದ್ದೀಯಲ್ಲೋ” ಎಂದು ಪಕ್ಕದ ಮೆಕ್ಯಾನಿಕ್ ರೇಗಿದರು. ಆದರೆ ಎಂಜಿನ್, ಸೆಲ್ಫ್ ಎರಡೂ ತಣ್ಣಗಿದ್ದಾಗಲೇ ಅದೇ ‘ಟಕ್’ ಕೇಳಿಸಿತು. ಕಪ್ಲರ್ ಜೋಡಿಸಿಯೇ ಇಟ್ಟು, ಕೀ ತಿರುಗಿಸಿ ಹಿಡಿದು, ಸ್ವಿಚ್ಚಿನ ಒಳಹೋಗುವ ವೈರಿಗೂ ಸೆಲ್ಫಿಗೆ ಹೊರಡುವ ವೈರಿಗೂ ನಡುವೆ ಮೀಟರ್ ಇಟ್ಟಾಗ 3 ವೋಲ್ಟಿನಷ್ಟು ಅಲ್ಲಿಯೇ ಸೋರಿಹೋಗುತ್ತಿತ್ತು. ತಣ್ಣಗಿದ್ದಾಗ ಅದು ಅರ್ಧ ವೋಲ್ಟನ್ನೂ ದಾಟಿರಲಿಲ್ಲ.

ಬಿಚ್ಚಿ ನೋಡಿದರೆ ಒಳಗಿನ ಗ್ರೀಸ್ ಡಾಂಬರಿನಂತಾಗಿತ್ತು, ತಾಮ್ರದ ಬಿಂದುಗಳು ಕಪ್ಪಾಗಿ ಗುಳಿಬಿದ್ದಿದ್ದವು, ಒಂದರ ಸುತ್ತ ಪ್ಲಾಸ್ಟಿಕ್ ಕರಗಿ ಅಂಚು ಎದ್ದಿತ್ತು. ಎಮರಿ ಪೇಪರಿನಿಂದ ಉಜ್ಜಿ ಕೊಟ್ಟೆ. 20 ದಿನಕ್ಕೆ ಕಾರು ಮರಳಿತು. 250 ರೂಪಾಯಿಯ ಡೂಪ್ಲಿಕೇಟ್ ಸ್ವಿಚ್ ಹಾಕಿದೆ; ಅದು ಎರಡು ತಿಂಗಳೂ ಬಾಳಲಿಲ್ಲ. ಆ ಎರಡೂ ಸಲದ ಮಜೂರಿಯನ್ನು ನಾನು ಮೇಷ್ಟ್ರಿಂದ ತೆಗೆದುಕೊಳ್ಳಲಿಲ್ಲ.

ಮೂರನೆಯ ಸಲ ಒರಿಜಿನಲ್ ಸ್ವಿಚ್ ತರಿಸಿ, ಸೊಲೆನಾಯ್ಡಿನ ಭಾರವನ್ನು ಅದರ ಮೇಲಿಂದ ಇಳಿಸಿದೆ. ನಾಲ್ಕು ಪಿನ್ನಿನ 30 ಆಂಪಿಯರ್ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) 30ನೆಯ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ಲೈನ್, 87ರಿಂದ ಸೊಲೆನಾಯ್ಡಿಗೆ, 85 ಅರ್ತಿಗೆ (ಕಾರಿನ ಲೋಹದ ಮೈಗೆ), ಕೀ ಸೆಟ್‌ನಿಂದ ಬರುವ ಹಳೆಯ ವೈರ್ 86ಕ್ಕೆ. ರಿಲೇಗೆ ನೀರು ತಾಗದಂತೆ ಅದನ್ನು ಎಲ್ಲಿ, ಯಾವ ಮುಖವಾಗಿ ಕೂರಿಸಿದೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇದು ಗೆದ್ದ ಹುಮ್ಮಸ್ಸಿನಲ್ಲಿ ಸ್ಪಾರ್ಕಿಗೆ ಕರೆಂಟ್ ಕೊಡುವ ಇಗ್ನಿಷನ್ ಲೈನಿಗೂ ಒಂದು ರಿಲೇ ಹಾಕಿ ನೋಡಿದೆ. ಕೀ ಹೊರತೆಗೆದರೂ ಎಂಜಿನ್ ನಿಲ್ಲಲೇ ಇಲ್ಲ! ಚಾರ್ಜಿಂಗ್ ಬಲ್ಬಿನ ದಾರಿಯಲ್ಲಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಿಂದ ಹಿಂದಕ್ಕೆ ಬಂದ ಕರೆಂಟ್ ಆ ರಿಲೇಯನ್ನು ಹಿಡಿದಿಟ್ಟುಕೊಂಡಿತ್ತು. ಬಲ್ಬಿನ ಲೈನಿನಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಸೇರಿಸಿದ ಮೇಲೆ ಸರಿಹೋಯಿತಾದರೂ, ಮೇಷ್ಟ್ರ ಕಾರಿನಲ್ಲಿ ಆ ಎರಡನೆಯ ರಿಲೇಯನ್ನು ಉಳಿಸದೆ ತೆಗೆದುಬಿಟ್ಟೆ.

ಸ್ವಿಚ್, ರಿಲೇ, ವೈರ್, ಮಜೂರಿ ಎಲ್ಲ ಸೇರಿ 1,300 ರೂಪಾಯಿಯ ಆಸುಪಾಸಿನಲ್ಲಿ ಮುಗಿದ ಕೆಲಸ, ಎರಡು ಬೇಸಿಗೆ ದಾಟಿದೆ. ಕಳೆದ ಏಪ್ರಿಲ್‌ನಲ್ಲಿ ಮೇಷ್ಟ್ರು ಭರಮಸಾಗರದಿಂದಲೇ ಫೋನ್ ಮಾಡಿ, “ಕೇಳಿಸಿಕೊಳ್ಳಪ್ಪಾ” ಎಂದು ಕೀ ತಿರುಗಿಸಿದರು. ಎಂಜಿನ್ ಹಿಡಿದುಕೊಂಡ ಸದ್ದು ನನಗೆ ಅಂಗಡಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು.