ಮಳೆ ಪುಸ್ತಕದ ಷರಾ ಕಾಲಮ್

ನಾನು ರೈಟರ್. ಸಾಹಿತಿ ಅಲ್ಲ, ತೋಟದ ರೈಟರ್. ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ಇಪ್ಪತ್ತಾರು ವರ್ಷದಿಂದ ಚೆಕ್‌ರೋಲ್ ಬರೆಯುತ್ತಿದ್ದೇನೆ. ಯಾರು ಕೆಲಸಕ್ಕೆ ಬಂದರು, ಎಷ್ಟು ಕೆಜಿ ಹಣ್ಣು ಕುಯ್ದರು, ಎಷ್ಟು ಮುಂಗಡ ತಗೊಂಡರು, ಅಷ್ಟೇ. ಇದರ ಜೊತೆಗೆ ಮಳೆ ಪುಸ್ತಕವೂ ನನ್ನ ಕೈಯಲ್ಲೇ. ಬೆಳಿಗ್ಗೆ ಎಂಟಕ್ಕೆ ಮಳೆ ಅಳೆಯುವ ಡಬ್ಬದ ನೀರನ್ನು ಗೆರೆ ಹಾಕಿದ ಗಾಜಿಗೆ ಸುರಿದು, ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಬರೆಯಬೇಕು. ನೂರು ಸೆಂಟ್‌ಗೆ ಒಂದು ಇಂಚು. ಪೇಪರಿನವರು ಮಿಲಿಮೀಟರ್ ಅಂದರೂ ತೋಟದವರ ಬಾಯಲ್ಲಿ ಇವತ್ತಿಗೂ ಇಂಚೇ.

ಆ ಪುಸ್ತಕದ ಪ್ರತಿ ಪುಟದ ಕೊನೆಗೆ 'ಷರಾ' ಅಂತ ಒಂದು ಕಾಲಮ್ ಇದೆ. ಗಾಳಿ ಜೋರು, ಸಿಲ್ವರ್ ಮರ ಬಿತ್ತು, ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಆಯಿತು, ಇಂಥದ್ದನ್ನು ಬರೆಯಲಿಕ್ಕೆ. ಅಗಲ ಮೂರು ಬೆರಳು ಇರಬಹುದು. ಒಂದು ಜುಲೈಯಲ್ಲಿ ಐದು ದಿನ ಕರೆಂಟ್ ಇರಲಿಲ್ಲ. ಟಾರ್ಚ್ ಬೆಳಕಲ್ಲಿ ಓದಿ ಮುಗಿಸಿದ ಪುಸ್ತಕದ ಬಗ್ಗೆ ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಲಿಕ್ಕೆ ಯಾರೂ ಇರಲಿಲ್ಲ, ಕೈಗೆ ಸಿಕ್ಕಿದ್ದು ಮಳೆ ಪುಸ್ತಕ. ಷರಾದಲ್ಲಿ ಎರಡು ಮಾತು ಬರೆದೆ. ಅಲ್ಲಿಂದ ಅಭ್ಯಾಸ ಆಗಿಬಿಟ್ಟಿತು.

ಶುರುವಿನ ಷರಾಗಳನ್ನು ಈಗ ನೋಡಿದರೆ ನಾಚಿಕೆ ಆಗುತ್ತದೆ. 'ಚೆನ್ನಾಗಿದೆ', 'ಪರವಾಗಿಲ್ಲ', 'ತುಂಬಾ ಚೆನ್ನಾಗಿದೆ'. ಹತ್ತು ವರ್ಷ ಆದಮೇಲೆ ಅದನ್ನು ಓದಿದರೆ ಏನು ಚೆನ್ನಾಗಿತ್ತು ಅಂತ ನನಗೇ ಗೊತ್ತಿಲ್ಲ. ಮಳೆಯನ್ನು ಯಾರಾದರೂ 'ಜಾಸ್ತಿ' ಅಂತ ಬರೆಯುತ್ತಾರಾ? ಎಷ್ಟು ಅಂತ ಬರೆಯಬೇಕು. ಪುಸ್ತಕಕ್ಕೂ ಹಾಗೇ ಮಾಡೋಣ ಅಂತ ಪುಟದ ನಂಬರ್ ಹಾಕಲು ಶುರು ಮಾಡಿದೆ. ಸಿನಿಮಾ ಆದರೆ ಒಂದು ದೃಶ್ಯ. ಆ ಪುಟ ಅಥವಾ ದೃಶ್ಯ ನೆನಪಿಗೆ ಬಾರದಿದ್ದರೆ ಏನೂ ಬರೆಯೋದಿಲ್ಲ.

'ಚಿಕವೀರ ರಾಜೇಂದ್ರ'ದ ಕತೆ ಹೇಳುತ್ತೇನೆ. ಕೊಡಗಿನ ಕೊನೆಯ ರಾಜನ ಮೇಲೆ ಮಾಸ್ತಿಯವರು ಬರೆದ ಈ ಕಾದಂಬರಿ ಬಂದಿದ್ದು 1956ರಲ್ಲಿ, 1983ರಲ್ಲಿ ಜ್ಞಾನಪೀಠ ತಂದುಕೊಟ್ಟಿದ್ದೂ ಇದೇ. ನಾನು ಮೊದಲು ಓದಿದಾಗ ಬರೆದಿದ್ದು, 'ರಾಜ ಕೆಟ್ಟವನು. ಚೆನ್ನಾಗಿದೆ.' ಹನ್ನೊಂದು ವರ್ಷ ಬಿಟ್ಟು ಮತ್ತೆ ಓದಿದೆ. ಈ ಸಲ ರಾಜ ಅಲ್ಲ, ಅವನ ಚಿಕ್ಕಂದಿನ ಜೊತೆಗಾರ ಕುಂಟ ಬಸವ ಹಿಡಿದುಕೊಂಡ. ಮಂತ್ರಿ ಆದರೂ ಜನರ ಕಣ್ಣಿಗೆ ಅವನು ಕುಂಟನೇ. ರಾಜನ ಪ್ರತಿ ಕೆಟ್ಟ ಕೆಲಸಕ್ಕೂ ಅವನದೇ ಕೈ. ಆದರೂ ಓದುತ್ತಾ ಓದುತ್ತಾ ಅವನ ಮೇಲೆ ಸಿಟ್ಟು ಬರಲಿಲ್ಲ. ಷರಾದಲ್ಲಿ ಬರೆದೆ, 'ಬಸವ ಪಾಪ.'

ತಿಂಗಳ ಕೊನೆಗೆ ಸಾಹುಕಾರರು ಮಳೆ ಪುಸ್ತಕ ನೋಡಿದರು. "ರೈಟ್ರೇ, ಈ ಬಸವ ಯಾರು? ಚೆಕ್‌ರೋಲಲ್ಲಿ ಆ ಹೆಸರೇ ಇಲ್ವಲ್ಲ. ಏನಾಯ್ತು ಅವನಿಗೆ?"

"ಅವನು ಮಾಸ್ತಿಯವರ ಬಸವ ಸಾರ್" ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ಒಂದು ಗಳಿಗೆ ನೋಡಿದರು. ಮಳೆ ಲೆಕ್ಕ ತಪ್ಪಬಾರದು ಅಂತ ಮಾತ್ರ ಹೇಳಿ ಪುಸ್ತಕ ವಾಪಸ್ ಕೊಟ್ಟರು.

ಮೂರನೇ ಸಲ ಓದಿದ ಮೇಲೆ ಮಡಿಕೇರಿಯ ಗದ್ದಿಗೆಗೆ, ಅಂದರೆ ರಾಜರ ಸಮಾಧಿಗಳಿರುವ ಜಾಗಕ್ಕೆ ಹೋದೆ. ದೊಡ್ಡ ವೀರರಾಜೇಂದ್ರ ಇದ್ದಾನೆ, ಲಿಂಗರಾಜೇಂದ್ರ ಇದ್ದಾನೆ. ಚಿಕವೀರ ಇಲ್ಲ. 1834ರಲ್ಲಿ ಬ್ರಿಟಿಷರು ಅವನನ್ನು ಇಳಿಸಿದರು, ಅವನು ಸತ್ತಿದ್ದು 1859ರಲ್ಲಿ, ದೂರದ ಲಂಡನ್ನಿನಲ್ಲಿ. ಅವನು ಕ್ರೂರಿ ಅನ್ನೋ ಕತೆಗಳು ಜಾಸ್ತಿ ಬಂದಿದ್ದು ಗೆದ್ದವರ ಕಡೆಯಿಂದ, ಅಲ್ವಾ? ರಾಜ್ಯ ನುಂಗಿದವರಿಗೆ ಒಂದು ಕಾರಣ ಬೇಕಾಗುತ್ತದೆ. ಇದನ್ನು ಮಾಸ್ತಿಯವರು ಕಾಣಲಿಲ್ಲ ಅಂತಲ್ಲ. ಆದರೆ ರಾಣಿ ಗೌರಮ್ಮಾಜಿಯನ್ನು ಅಷ್ಟು ಒಳ್ಳೆಯವಳನ್ನಾಗಿ ಮಾಡಿದಷ್ಟೂ ರಾಜ ಕಪ್ಪಾಗುತ್ತಾ ಹೋಗುತ್ತಾನೆ. ಅವಳಿಗೆ ಒಂದು ಸಲವಾದರೂ ಜೋರು ಸಿಟ್ಟು ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಈಗ ಒಂದೇ ಪುಸ್ತಕಕ್ಕೆ ಮೂರು ಷರಾ ಇವೆ, ಮೂರೂ ಬೇರೆ ಬೇರೆ. ಹಳೆಯದನ್ನು ನಾನು ಹೊಡೆದು ಹಾಕೋದಿಲ್ಲ. ಚೆಕ್‌ರೋಲಲ್ಲೂ ತಿದ್ದುವಂತಿಲ್ಲ, ಕೆಳಗೆ ಹೊಸದು ಬರೆದು ಸಹಿ ಹಾಕಬೇಕು.

ಎರಡನೇ ಪಾಠ ಕಲಿಸಿದ್ದು 'ದೃಶ್ಯ'. 2013ರ ಮಲಯಾಳಂ ಚಿತ್ರವನ್ನು ಮರುವರ್ಷ ರವಿಚಂದ್ರನ್ ಕನ್ನಡದಲ್ಲಿ ಮಾಡಿದ್ದು. ನಾಯಕನ ಹೆಸರು ರಾಜೇಂದ್ರ ಪೊನ್ನಪ್ಪ, ನಮ್ಮ ಕೊಡಗಿನ ಹೆಸರು ಅಂತ ಗೊತ್ತಾಗಿದ್ದೇ ತಡ, ಟಿವಿಯಲ್ಲಿ ಬಂದ ದಿನ ಅಕ್ಕಪಕ್ಕದವರೆಲ್ಲ ನಮ್ಮ ಮನೆಯಲ್ಲೇ. ರೊಬಸ್ಟಾ ಕುಯ್ಲಿನ ಸಮಯ. ಬೆಳಿಗ್ಗೆ ಐದಕ್ಕೆ ಎದ್ದವನು ನಾನು, ಸಂಜೆ ತೂಕ ಮುಗಿಯುವಾಗ ಏಳು. ಇಂಟರ್ವಲ್ ಆದಮೇಲೆ ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ. ಮಾರನೇ ದಿನ ಬಿಗುಮಾನದಿಂದ ಬರೆದೆ, 'ಶುರು ಬಿಗಿ. ಕೊನೆ ಸಪ್ಪೆ.'

ಮಗಳು ಓದಿದಳು. "ಅಪ್ಪ, ಕೊನೆಯಲ್ಲಿ ಏನಾಯ್ತು ಹೇಳಿ ನೋಡೋಣ?"

ನೋಡಿದವರಿಗೆ ಗೊತ್ತು, ಆ ಸಿನಿಮಾ ನಿಂತಿರೋದೇ ಕೊನೆಯ ಎರಡು ನಿಮಿಷದ ಮೇಲೆ. ಮನೆಯವರೆಲ್ಲ ಒಂದು ವಾರ ನಕ್ಕರು. ಆಮೇಲೆ ಮತ್ತೆ ನೋಡಿ, ಷರಾದ ಕೆಳಗೆ 'ನಿದ್ದೆ ಮಾಡಿದ್ದೆ' ಅಂತ ಬರೆದು ಸಹಿ ಹಾಕಿದೆ. ಅವತ್ತಿಂದ ನಿದ್ದೆ ಬಂದರೆ ಅದನ್ನೂ ಬರೆಯುತ್ತೇನೆ. ಅದೂ ಒಂದು ಅಭಿಪ್ರಾಯವೇ.

ಹೆದರಿಸುವ ಸಿನಿಮಾ ನನಗೆ ಅಷ್ಟಕ್ಕಷ್ಟೇ. 'ಯು ಟರ್ನ್' ಮಾತ್ರ ಮೊಬೈಲಲ್ಲೇ ನೋಡಿದರೂ ಕೂರಿಸಿಕೊಂಡಿತು. ಫ್ಲೈಓವರ್ ಮೇಲಿನ ಕಲ್ಲು ಸರಿಸಿ ಗಾಡಿ ತಿರುಗಿಸುವವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಭೂತಕ್ಕಿಂತ ಆ ಕಲ್ಲು ಹೆದರಿಸಿತು. ನಾವೂ ದಿನಾ ಅಂಥ ಎಷ್ಟು ಕಲ್ಲು ಸರಿಸಿರುತ್ತೇವೆ. ವಿವೇಕ ಶಾನಭಾಗರ ಕಾದಂಬರಿ 'ಘಾಚರ್ ಘೋಚರ್' ಒಂದೇ ರಾತ್ರಿಗೆ ಮುಗಿಯಿತು. ಷರಾ ಹೀಗಿದೆ: 'ಇರುವೆ. ಸಕ್ಕರೆ ಡಬ್ಬ ನೋಡಲು ಎದ್ದೆ.'

ಹೆಚ್ಚು ಸಲ ಓದಿದ್ದು ತೇಜಸ್ವಿಯವರ 'ಕರ್ವಾಲೊ'. ಅದು ಮೂಡಿಗೆರೆ ಕಡೆಯ ಕಾಡು ಮತ್ತು ಜನ, ಆದರೆ ಮಂದಣ್ಣನಂಥವರು ನನ್ನ ಚೆಕ್‌ರೋಲಲ್ಲೇ ಇಬ್ಬರಿದ್ದಾರೆ. ಕೆಲಸಕ್ಕೆ ಕರೆದರೆ ಸಿಗೋದಿಲ್ಲ, ಕಾಡಿನ ವಿಷಯ ಕೇಳಿದರೆ ಊಟ ಬಿಟ್ಟು ಹೇಳುತ್ತಾರೆ. ಹಾರುವ ಓತಿ ಅನ್ನೋದು ತೇಜಸ್ವಿಯವರ ಕಲ್ಪನೆ ಅಂತಲೇ ನಾನು ಬಹಳ ವರ್ಷ ತಿಳಿದಿದ್ದೆ. ಒಂದು ಮಾರ್ಚ್ ಮಧ್ಯಾಹ್ನ ಅಡಿಕೆ ಮರದ ಬುಡದಲ್ಲಿ ಲೆಕ್ಕ ಬರೆಯುತ್ತಾ ಕೂತಿದ್ದೆ. ಎದುರಿನ ಮರದ ತೊಗಟೆ ಅಲುಗಿದ ಹಾಗಾಯಿತು. ನೋಡಿದರೆ ಮರದ ಬಣ್ಣದ್ದೇ ಒಂದು ಓತಿ, ಗಂಟಲ ಕೆಳಗೆ ಹಳದಿ ನಾಲಿಗೆಯಂಥದ್ದನ್ನು ಚಾಚುತ್ತಿದೆ, ಮಡಚುತ್ತಿದೆ. ಮೂರು ನಾಲ್ಕು ಸಲ. ಆಮೇಲೆ ಪಕ್ಕೆಯ ಚರ್ಮ ಕೊಡೆ ಬಿಚ್ಚಿದ ಹಾಗೆ ಬಿಚ್ಚಿ, ಆಚೆ ಮರಕ್ಕೆ ಜಾರಿ ಹೋಯಿತು. ರೆಕ್ಕೆ ಬಡಿಯಲಿಲ್ಲ. ಒಂದು ಎಲೆ ಬಿದ್ದಷ್ಟೂ ಸದ್ದಿಲ್ಲ. ಆ ದಿನ ಮಳೆ ಸೊನ್ನೆ. ಷರಾದಲ್ಲಿ 'ಕರ್ವಾಲೊ ನಿಜ' ಅಂತಿದೆ.

ಕತೆಗಾರ್ತಿ ಕೊಡಗಿನ ಗೌರಮ್ಮನವರನ್ನು ನಾನು ಓದಿದ್ದು ತಡವಾಗಿ, ಅದಕ್ಕೆ ಬೇಜಾರಿದೆ. ಅವರ ಗಂಡ ಇದೇ ಸುಂಟಿಕೊಪ್ಪದ ಹತ್ತಿರ ತೋಟದ ಮ್ಯಾನೇಜರ್ ಆಗಿದ್ದರು. 1939ರಲ್ಲಿ ಗೌರಮ್ಮ ನೀರಲ್ಲಿ ಮುಳುಗಿ ತೀರಿಕೊಂಡಾಗ ವಯಸ್ಸು ಬರೀ 27. 'ಕಂಬನಿ', 'ಚಿಗುರು' ಎರಡೂ ಆಮೇಲೆ ಪುಸ್ತಕವಾಗಿ ಬಂದವು. 'ಅಪರಾಧಿ ಯಾರು?', 'ವಾಣಿಯ ಸಮಸ್ಯೆ' ಓದಿ ನಾನು ಬೆಚ್ಚಿದ್ದು ಅವು ಎಷ್ಟು ಸಣ್ಣ ದನಿಯಲ್ಲಿವೆ ಅಂತ. ಅಳು ಇಲ್ಲ, ಭಾಷಣ ಇಲ್ಲ. ಪಕ್ಕದ ಮನೆಯ ಹೆಂಗಸು ಅಡುಗೆಮನೆ ಬಾಗಿಲಲ್ಲಿ ನಿಂತು ಮಾತಾಡಿದ ಹಾಗೆ. ಕೆಲವು ಕತೆ ಥಟ್ಟನೆ ಮುಗಿಯುತ್ತವೆ, ಅದು ನನಗೆ ಕೊರತೆ ಅನ್ನಿಸಿತು. ಹೆಂಡತಿ ಒಪ್ಪಲಿಲ್ಲ. "ಮನೆ ಕೆಲಸದ ಮಧ್ಯೆ ಬರೆದವರು ಹಾಗೇ ಮುಗಿಸೋದು. ನಿಮಗೆ ಕೂತು ಬರೆಯೋಕೆ ಸಂಬಳ ಕೊಡ್ತಾರೆ" ಅಂದಳು. ಅವಳ ಮಾತನ್ನು ಅವಳ ಹೆಸರಲ್ಲೇ ಬರೆದೆ.

'ಮುಂಗಾರು ಮಳೆ' ಬಗ್ಗೆ ಹೇಳದೆ ಮಡಿಕೇರಿಯವರು ಬಿಡೋದಿಲ್ಲ. ಅದು ಬಂದಿದ್ದು 2006ರ ಡಿಸೆಂಬರ್ ಕೊನೆಗೆ. ಆಗಿನ ಷರಾ, 'ಮೊಲ ಚೆನ್ನಾಗಿ ಮಾಡಿದೆ. ಇಷ್ಟು ಮಳೆಗೆ ಕೊಳೆ ರೋಗ ಬರಲೇಬೇಕು.' ತೋಟದವನ ಬುದ್ಧಿ. 2018ರ ಆಗಸ್ಟ್ ಪುಟದಲ್ಲಿ ಷರಾ ಖಾಲಿ, ಇಂಚು ಮಾತ್ರ ಇದೆ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡವೇ ಇಳಿದು ಬಂದ ತಿಂಗಳು ಅದು. ಆಮೇಲೆ ಎರಡು ವರ್ಷ ಟಿವಿಯಲ್ಲಿ ಆ ಸಿನಿಮಾದ ಹಾಡು ಬಂದರೆ ಸಾಕು, ನಮ್ಮ ಮನೆಯಲ್ಲಿ ಯಾರಾದರೂ ಎದ್ದು ಚಾನೆಲ್ ಬದಲಿಸುತ್ತಿದ್ದರು. ಸಿನಿಮಾದ ತಪ್ಪು ಏನೂ ಇಲ್ಲ. ಮತ್ತೆ ಪೂರ್ತಿ ನೋಡಿದಾಗ ಅನ್ನಿಸಿದ್ದು, ಅದರಲ್ಲಿ ಮಳೆಗಿಂತ ಮಾತು ಜಾಸ್ತಿ. ಗಣೇಶ್ ಬಾಯಿ ಮುಚ್ಚಿ ನಿಲ್ಲುವ ಜಾಗಗಳಲ್ಲೇ ಸಿನಿಮಾ ಚೆನ್ನಾಗಿರೋದು.

'ತಿಥಿ'ಯನ್ನು ನಮ್ಮ ಮೇಸ್ತ್ರಿಗೆ ತೋರಿಸಿದೆ. ಮಂಡ್ಯ ಕಡೆಯ ಊರಲ್ಲಿ, ಹಿಂದೆಂದೂ ನಟಿಸದ ಹಳ್ಳಿಯವರನ್ನು ಇಟ್ಟುಕೊಂಡು ತೆಗೆದಿದ್ದು ಅಂತ ವಿವರಿಸಲು ಹೋದೆ. ಮೇಸ್ತ್ರಿಯ ಊರೂ ಆ ಕಡೆಯದೇ. ಗಡ್ಡಪ್ಪ ಸುಮ್ನೆ ನಡೆಯುತ್ತಾ ಹೋಗೋದನ್ನು ನೋಡಿ ಅವರು ಅಂದರು, "ರೈಟ್ರೇ, ಇದು ಸಿನಿಮಾ ಅಲ್ಲ. ನಮ್ಮ ಚಿಕ್ಕಪ್ಪ." ಅದಕ್ಕಿಂತ ಚೆನ್ನಾಗಿ ನನಗೆ ಬರೆಯಲು ಬರಲಿಲ್ಲ. ಷರಾದಲ್ಲಿ ಅದೇ ಇದೆ.

ಈಗ ಓದುತ್ತಿರೋದು ಬಾನು ಮುಷ್ತಾಕ್ ಅವರ ಕತೆಗಳು. ಅವನ್ನು ಇಂಗ್ಲಿಷಿಗೆ ಮಾಡಿದ ದೀಪಾ ಭಸ್ತಿ ನಮ್ಮ ಮಡಿಕೇರಿಯವರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಮೇಲೇ ನಾನೂ ಕೊಂಡಿದ್ದು, ಸುಳ್ಳು ಯಾಕೆ ಹೇಳಲಿ. ಎರಡು ಕತೆ ಆಗಿದೆ. ನಿನ್ನೆ ರಾತ್ರಿಯ ಮಳೆ ಎರಡು ಇಂಚು ಹದಿನೈದು ಸೆಂಟ್. ಷರಾ ಕಾಲಮ್ ಇನ್ನೂ ಬಿಟ್ಟಿದ್ದೇನೆ.