ಗಾಡಿಯೇ ಮನೆ, ಹದಿನಾರು ದಿನ: ಕಲಬುರಗಿಯಿಂದ ಹಿಮನದಿಯ ದಾರಿಗೆ ಹೊರಡುವುದು ಹೇಗೆ?

ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಕ್ಯಾಂಪರ್‌ವ್ಯಾನ್‌ನಲ್ಲಿ ಸುತ್ತಿ ಬಂದೆವು ಎಂದಾಗ ಕಲಬುರಗಿಯ ನಮ್ಮ ಓಣಿಯಲ್ಲಿ ಹಿಮನದಿಯ ಬಗ್ಗೆ ಯಾರೂ ಕೇಳಲಿಲ್ಲ. ‘ಸ್ನಾನ ಎಲ್ಲಿ ಮಾಡಿದಿರಿ?’ ಎಂದೇ ಎಲ್ಲರೂ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಹಾಸಿಗೆ, ಎರಡು ಒಲೆ, ಪುಟ್ಟ ಫ್ರಿಜ್, ನೀರಿನ ಟ್ಯಾಂಕ್, ಶೌಚಾಲಯ ಎಲ್ಲ ಇರುವ ವ್ಯಾನನ್ನು ದಿನಕ್ಕೆ ನಾಲ್ಕು ತಾಸು ಓಡಿಸಿದರೆ ಹೆಚ್ಚು. ಉಳಿದ ಇಪ್ಪತ್ತು ತಾಸು ಅದರೊಳಗೆ ಇಬ್ಬರೂ ಸಂಸಾರ ಮಾಡಬೇಕು. ಆ ಸಂಸಾರದ ತಾಲೀಮನ್ನು ಊರಲ್ಲಿಯೇ ಮುಗಿಸಿಕೊಂಡು ಹೊರಡಿ ಎನ್ನುವುದು ನನ್ನ ಮಾತು.

ತಿಂಗಳು ಆರಿಸುವುದು

ನಮ್ಮ ಕಡೆಯವರು ಮೇ ತಿಂಗಳ ಬಿಸಿಲಿಗೆ ಹೆದರಿ ಆಗಲೇ ತಂಪಿನ ನಾಡಿಗೆ ಓಡಲು ನೋಡುತ್ತಾರೆ. ಈ ಪ್ರವಾಸಕ್ಕೆ ಅದು ತಪ್ಪು ಲೆಕ್ಕ. ಅಲ್ಲಿ ಆಗ ಚಳಿಗಾಲ ಬಾಗಿಲಿಗೆ ಬಂದಿರುತ್ತದೆ. ಮೇ ತಿಂಗಳಿಂದ ನವೆಂಬರ್‌ವರೆಗೆ ದ್ವೀಪದ ನೈಋತ್ಯ ಮೂಲೆಯ ಮಿಲ್ಫರ್ಡ್ ಕಡೆಯ ರಸ್ತೆಯಲ್ಲಿ ಹಿಮ ಕುಸಿಯುವ ಭಯವಿದ್ದು, ಚಕ್ರಕ್ಕೆ ಕಟ್ಟುವ ಸರಪಳಿಯನ್ನೂ ಒಯ್ಯಬೇಕಾಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೇಸಿಗೆ. ಜನಜಂಗುಳಿ ಹೆಚ್ಚು, ಬಾಡಿಗೆಯೂ ಹೆಚ್ಚು. ನಾವು ಮಾರ್ಚ್‌ನಲ್ಲಿ ಹೋದೆವು. ಹಗಲು ಹನ್ನೆರಡು ತಾಸು ಸಿಕ್ಕಿತು, ರಾತ್ರಿ ಎರಡು ರಜಾಯಿ ಸಾಕಾದವು.

ಕಾಗದಪತ್ರದ ಸರದಿ

ಮೊದಲು ವೀಸಾ. ಅದಕ್ಕೆ ಆನ್‌ಲೈನ್ ಅರ್ಜಿ. ಆಮೇಲೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗಾಗಿ ಆರ್‌ಟಿಒ ಕಚೇರಿ: ನಮೂನೆ 4ಎ, ಸಾವಿರ ರೂಪಾಯಿ ಶುಲ್ಕ, ಪಾಸ್‌ಪೋರ್ಟ್ ಪ್ರತಿ. ಒಂದು ವರ್ಷ ಚಾಲ್ತಿಯಲ್ಲಿರುತ್ತದೆ, ಆದರೆ ನಿಮ್ಮ ಮೂಲ ಪರವಾನಗಿ ಜೊತೆಗಿಲ್ಲದಿದ್ದರೆ ಅದು ಬರೀ ಕಾಗದ. ಗಂಡ ಹೆಂಡತಿ ಇಬ್ಬರೂ ಮಾಡಿಸಿಕೊಳ್ಳಿ. ‘ನಾನೊಬ್ಬನೇ ಸಾಕು’ ಎಂದಿದ್ದ ನಮ್ಮ ಮನೆಯವರಿಗೆ ನಾಲ್ಕನೆಯ ದಿನ ಸೊಂಟ ಹಿಡಿದುಕೊಂಡಿತು. ಮುಂದಿನ ಮೂರು ದಿನ ಗಾಡಿ ನನ್ನ ಕೈಯಲ್ಲಿತ್ತು.

ಅಲ್ಲಿಯೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ಓಡಿಸುತ್ತಾರೆ. ಯುರೋಪಿಗಿಂತ ನಮಗೆ ಈ ದೇಶ ಸುಲಭ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಹಾರ್ನ್ ಹೊಡೆದರೆ ಬೈದಂತೆ. ಹದಿನಾರು ದಿನಗಳಲ್ಲಿ ನಾವು ಒಂದೇ ಸಲ ಹೊಡೆದೆವು, ಅದೂ ಒಂದು ಕುರಿಗೆ.

ವ್ಯಾನ್ ಹಿಡಿಯುವಾಗ

ಕೇಳಬೇಕಾದ ಮೊದಲ ಪ್ರಶ್ನೆ ಶೌಚಾಲಯದ್ದು. ಎಲ್ಲೆಂದರಲ್ಲಿ ನಿಲ್ಲಿಸಿ ಮಲಗಲು ಅಲ್ಲಿ ಬಿಡುವುದಿಲ್ಲ. ಅನುಮತಿ ಇರುವ ಬಯಲುಗಳಲ್ಲಿಯೂ ಬಹುಪಾಲು ಕಡೆ ‘ಸ್ವಯಂಪೂರ್ಣ ವಾಹನ’ ಎಂಬ ಪ್ರಮಾಣಪತ್ರ ಬೇಕು. 2023ರ ಕಾನೂನಿನ ಪ್ರಕಾರ ಆ ಪತ್ರ ಸಿಗಬೇಕಾದರೆ ಶೌಚಾಲಯ ಗಾಡಿಗೆ ಜೋಡಿಸಿಯೇ ಇರಬೇಕು. ಡಿಕ್ಕಿಯಲ್ಲಿ ಎತ್ತಿಟ್ಟ ಡಬ್ಬಿಗೆ ಮಾನ್ಯತೆ ಇಲ್ಲ. ಹಸಿರು ಬಣ್ಣದ ಪತ್ರ ಗಾಜಿನ ಮೇಲೆ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ದಂಡ 400 ನ್ಯೂಜಿಲೆಂಡ್ ಡಾಲರ್‌ನಿಂದ ಶುರುವಾಗುತ್ತದೆ.

ಎರಡನೆಯದು ಠೇವಣಿ. ಗಾಡಿಗೆ ಗೀರು ಬಿದ್ದರೆ ಇರಲಿ ಎಂದು ಕ್ರೆಡಿಟ್ ಕಾರ್ಡ್‌ನಲ್ಲಿ ದೊಡ್ಡ ಮೊತ್ತವನ್ನು ತಡೆಹಿಡಿಯುತ್ತಾರೆ. ಅಷ್ಟು ಮಿತಿ ನಿಮ್ಮ ಕಾರ್ಡ್‌ಗಿದೆಯೇ ಎಂದು ಊರಲ್ಲೇ ನೋಡಿಕೊಳ್ಳಿ. ಮೂರನೆಯದು ಡೀಸೆಲ್. ಬಂಕಿನಲ್ಲಿ ಅದರ ದರ ಪೆಟ್ರೋಲಿಗಿಂತ ಅಗ್ಗ ಎಂದು ಹಿಗ್ಗಬೇಡಿ. ಆ ದೇಶದಲ್ಲಿ ಡೀಸೆಲ್ ಗಾಡಿಗಳ ರಸ್ತೆ ತೆರಿಗೆಯನ್ನು ಓಡಿದ ಕಿಲೋಮೀಟರ್‌ಗೆ ಇಷ್ಟು ಎಂದು ಬೇರೆಯಾಗಿ ವಸೂಲು ಮಾಡುತ್ತಾರೆ. ಬಾಡಿಗೆಯವರು ಅದನ್ನು ಕೊನೆಯ ಬಿಲ್ಲಿಗೆ ಸೇರಿಸುತ್ತಾರೆ.

ಊರಲ್ಲಿಯೇ ತಾಲೀಮು

ಸ್ವಯಂಪೂರ್ಣ ವಾಹನದಲ್ಲಿ ಕನಿಷ್ಠ ಇರಬೇಕಾದ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್, ಮೂರು ದಿನಕ್ಕೆ ಹನ್ನೆರಡು. ಬೆಂಗಳೂರಿನ ನಮ್ಮ ಬೀಗರು ಇದನ್ನು ಕೇಳಿ ಗಾಬರಿಯಾದರು. ಬೇಸಿಗೆಯಲ್ಲಿ ನಳದ ದಾರಿ ಕಾದು, ಕೊಡ ಎಣಿಸಿ ಬಳಸಿದ ನಮಗೆ ಇದು ಕಷ್ಟವೇ? ಆದರೂ ಒಂದು ಭಾನುವಾರ ಎಂಟು ಲೀಟರ್ ಅಳೆದಿಟ್ಟುಕೊಂಡು ಕುಡಿಯಲು, ಅಡುಗೆಗೆ, ಪಾತ್ರೆಗೆ ಅಷ್ಟರಲ್ಲೇ ಮುಗಿಸಿ ನೋಡಿ. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯಬೇಕು ಎಂಬುದು ಆ ದಿನವೇ ತಲೆಗೆ ಹೋಗುತ್ತದೆ. ಸ್ನಾನದ ಪ್ರಶ್ನೆಗೆ ಉತ್ತರ: ಎರಡು ರಾತ್ರಿ ಬಯಲಿನಲ್ಲಿ, ಮೂರನೆಯ ರಾತ್ರಿ ಬಿಸಿನೀರು, ವಿದ್ಯುತ್ ಇರುವ ಹಾಲಿಡೇ ಪಾರ್ಕ್‌ನಲ್ಲಿ.

ಇನ್ನೊಂದು ತಾಲೀಮು ಇಳಿಜಾರಿನದು. ಕಲಬುರಗಿ, ಯಾದಗಿರಿಯ ಬಟ್ಟಬಯಲಿನ ರಸ್ತೆ ಬ್ರೇಕನ್ನಷ್ಟೇ ಕಲಿಸುತ್ತದೆ. ಬೆಟ್ಟ ಇಳಿಯುವಾಗ ಗೇರ್ ಕೆಳಕ್ಕೆ ಹಾಕಿ ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿಯಬೇಕು, ಇಲ್ಲದಿದ್ದರೆ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ನಾವು ಪರಿಚಯದವರ ಟೆಂಪೋ ಪಡೆದು ಚಿಂಚೋಳಿ ಕಾಡಿನ ತಿರುವುಗಳಲ್ಲಿ ಎರಡು ಸಲ ಹೋಗಿಬಂದೆವು. ಹಿಂದಕ್ಕೆ ತೆಗೆಯುವಾಗ ನಾನು ಕೆಳಗಿಳಿದು ಕೈಸನ್ನೆ ಮಾಡುವುದು, ಅವರು ಕನ್ನಡಿಯಲ್ಲಿ ನನ್ನನ್ನೇ ನೋಡುವುದು. ‘ಬರಲಿ, ಬರಲಿ’ ಎಂಬ ಕೂಗು ಬೇಡ ಎಂದು ಒಪ್ಪಂದವಾಯಿತು. ಜಗಳಗಳಲ್ಲಿ ಅರ್ಧ ಚಿಂಚೋಳಿಯಲ್ಲೇ ಮುಗಿದವು.

ಚೀಲದಲ್ಲಿ ಏನಿರಬೇಕು, ಏನಿರಬಾರದು

ವಿಮಾನ ಇಳಿದ ಕೂಡಲೇ ಎದುರಾಗುವುದು ಜೈವಿಕ ಸುರಕ್ಷತೆಯ ತಪಾಸಣೆ. ತಿನ್ನುವ ಪ್ರತಿಯೊಂದು ವಸ್ತುವನ್ನೂ ಘೋಷಿಸಬೇಕು. ಮರೆತರೂ 400 ಡಾಲರ್ ದಂಡ. ಜೇನುತುಪ್ಪಕ್ಕೆ ಪ್ರವೇಶವಿಲ್ಲ, ತಾಜಾ ಹಣ್ಣು, ಕರಿಬೇವು, ಬಿತ್ತನೆ ಬೀಜ ಬಿಟ್ಟುಬಿಡಿ, ತುಪ್ಪದ ಆಸೆಯೂ ಬೇಡ. ತೊಗರಿಬೇಳೆ, ಅಕ್ಕಿ ಕ್ರೈಸ್ಟ್‌ಚರ್ಚ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ನಾವು ಒಯ್ದದ್ದು ನಲವತ್ತು ಖಡಕ್ ರೊಟ್ಟಿ ಮತ್ತು ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಎರಡನ್ನೂ ಘೋಷಿಸಿದೆವು. ಅಧಿಕಾರಿ ರೊಟ್ಟಿಯೊಂದನ್ನು ಬೆಳಕಿಗೆ ಹಿಡಿದು ನೋಡಿ ಬಿಟ್ಟರು.

ಅವರು ತಡೆದದ್ದು ನಮ್ಮ ಬೂಟುಗಳನ್ನು. ಹೊರಡುವ ವಾರ ಹೊಲಕ್ಕೆ ಹೋಗಿದ್ದಾಗ ಹತ್ತಿದ ಎರೆಮಣ್ಣು ಅಡಿಯ ಗೆರೆಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಮಣ್ಣಿನ ಜೊತೆ ಬೀಜ, ರೋಗಾಣು ಬರುತ್ತವೆಂದು ಅವರಿಗೆ ಭಯ. ಬೂಟು ಒಳಗೆ ಹೋಗಿ ತೊಳೆದು ಬಂದವು. ನೀವು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮನೆಯಲ್ಲೇ ತಿಕ್ಕಿಕೊಳ್ಳಿ.

ದಾರಿ ಹಂಚಿಕೊಳ್ಳುವುದು

ಕ್ರೈಸ್ಟ್‌ಚರ್ಚ್‌ನಿಂದ ಹೊರಟು ಅಲ್ಲಿಗೇ ಮರಳುವ ಸುತ್ತು ಸುಮಾರು ಎರಡು ಸಾವಿರ ಕಿಲೋಮೀಟರ್. ಹೈದರಾಬಾದಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರುವ ನಮಗೆ ಇದು ಐದು ದಿನದ ದಾರಿ ಎನಿಸುತ್ತದೆ. ಹಾಗೆ ಲೆಕ್ಕ ಹಾಕಿದರೆ ಕೆಟ್ಟಿರಿ. ತಿರುವು, ಏರು, ನಿಲ್ಲಿಸಿ ನೋಡುವ ಆಸೆ ಸೇರಿ ದಿನಕ್ಕೆ 150 ಕಿಲೋಮೀಟರ್ ಸಾಕು.

ಮೊದಲು ಆರ್ಥರ್ಸ್ ಪಾಸ್ ಎಂಬ ಬೆಟ್ಟದ ಹಾದಿ, ಎತ್ತರ 920 ಮೀಟರ್. ಕಣಿವೆಯ ಮೇಲೆ 440 ಮೀಟರ್ ಉದ್ದದ ಒಟಿರಾ ಸೇತುವೆ ಇಳಿದರೆ ಪಶ್ಚಿಮ ಕರಾವಳಿ. ಈ ಪಾಸ್‌ನಲ್ಲಿ ಕೀ ಎಂಬ ಬೆಟ್ಟದ ಗಿಳಿಗಳು ಗಾಡಿಯ ರಬ್ಬರ್ ಪಟ್ಟಿಯನ್ನು ಕಿತ್ತು ತಿನ್ನುತ್ತವೆ. ಮುದ್ದು ಬಂದರೂ ಏನೂ ಹಾಕಬೇಡಿ.

ಹೊಕಿಟಿಕಾದಿಂದ ದಕ್ಷಿಣಕ್ಕೆ 6ನೇ ಹೆದ್ದಾರಿ. ಈ ಪ್ರವಾಸದ ಜೀವ ಇದೇ. ಎಡಕ್ಕೆ ಹಿಮದ ಬೆಟ್ಟ, ಬಲಕ್ಕೆ ಟಾಸ್ಮನ್ ಸಮುದ್ರ, ನಡುವೆ ದಟ್ಟ ಮಳೆಕಾಡು. ಹಿಮನದಿ ಕಾಡಿನ ಇಷ್ಟು ಹತ್ತಿರಕ್ಕೆ ಇಳಿದದ್ದು ಹೇಗೆ ಎಂದು ನನಗೆ ಆಶ್ಚರ್ಯವಾಗಿತ್ತು. ಕಾರಣ ಮಳೆ. ಪಶ್ಚಿಮದ ಗಾಳಿ ಸಮುದ್ರದ ತೇವವನ್ನೆಲ್ಲ ಹೊತ್ತು ತಂದು ಬೆಟ್ಟಕ್ಕೆ ಬಡಿಯುತ್ತದೆ. ಕೆಳಗೆ ಮಳೆ, ಮೇಲೆ ಹಿಮ. ಮೇಲಿನ ದೊಡ್ಡ ಬೋಗುಣಿಯಲ್ಲಿ ಹಿಮ ಒತ್ತಿ ಒತ್ತಿ ಮಂಜುಗಡ್ಡೆಯಾಗಿ, ಕಿರಿದಾದ, ಕಡಿದಾದ ಕಣಿವೆಯಲ್ಲಿ ಕರಗುವುದಕ್ಕಿಂತ ಬೇಗ ಜಾರುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ ಒಂದು ಮೀಟರ್‌ಗೂ ಕಡಿಮೆ. ಮಿಲ್ಫರ್ಡ್‌ನಲ್ಲಿ ಅದು ಆರು ಮೀಟರ್ ದಾಟುತ್ತದೆ.

ಆದರೆ ಫ್ರಾಂಜ್ ಜೋಸೆಫ್, ಫಾಕ್ಸ್ ಎರಡೂ ಹಿಮನದಿಗಳು ಈಗ ಬಹಳ ಹಿಂದೆ ಸರಿದಿವೆ. ಹಳೆಯ ಫೋಟೊ ನೋಡಿ ಹೋದರೆ ಬೇಸರವಾಗುತ್ತದೆ. ಕಣಿವೆಯಿಂದ ದೂರದಲ್ಲಿ ಕಾಣುತ್ತವೆ. ಮಂಜಿನ ಮೇಲೆ ಕಾಲಿಡಬೇಕಾದರೆ ಹೆಲಿಕಾಪ್ಟರ್ ಬೇಕು. ಮೋಡ ಕವಿದರೆ ಹಾರಾಟ ರದ್ದು, ಹಾಗಾಗಿ ಇಲ್ಲಿ ಎರಡು ದಿನ ಇಟ್ಟುಕೊಳ್ಳಿ. ನಮ್ಮ ಮೊದಲ ದಿನ ಮಳೆಗೇ ಹೋಯಿತು. ವ್ಯಾನಿನಲ್ಲಿ ಕೂತು ಬೇಳೆಸಾರು ಕುದಿಸಿದೆವು.

ಫಾಕ್ಸ್‌ನಿಂದ ಹಾಸ್ಟ್‌ಗೆ 120 ಕಿಲೋಮೀಟರ್. ಹೊರಡುವ ಮೊದಲೇ ಟ್ಯಾಂಕ್ ತುಂಬಿಸಿ, ಮೊಬೈಲ್‌ನಲ್ಲಿ ನಕ್ಷೆ ಇಳಿಸಿಕೊಳ್ಳಿ, ಏಕೆಂದರೆ ಸಿಗ್ನಲ್ ಹೋದರೆ ಬಹಳ ಹೊತ್ತು ಬರುವುದಿಲ್ಲ. ಒಂದೇ ಗಾಡಿ ಹಿಡಿಯುವ ಸೇತುವೆಗಳು ಅನೇಕ ಇವೆ. ನಿಮ್ಮ ಕಡೆಯ ಬಾಣ ಕೆಂಪು ಮತ್ತು ಚಿಕ್ಕದಾಗಿದ್ದರೆ ಎದುರಿನವರನ್ನು ಮೊದಲು ಹೋಗಲು ಬಿಡಬೇಕು. ಸಮುದ್ರದ ಬದಿಯಲ್ಲಿ ನಿಂತರೆ ಸ್ಯಾಂಡ್‌ಫ್ಲೈ ಎಂಬ ನುಸಿ ಮುತ್ತುತ್ತದೆ. ಪೂರ್ತಿ ತೋಳಿನ ಅಂಗಿಯೇ ಮದ್ದು.

ಹಾಸ್ಟ್ ಪಾಸ್, ವಾನಕಾ, ಟೆ ಅನಾವು, ಮಿಲ್ಫರ್ಡ್, ಆಮೇಲೆ ಪುಕಾಕಿ ಸರೋವರದ ದಂಡೆಯಲ್ಲಿ 3,724 ಮೀಟರ್ ಎತ್ತರದ ಅವೊರಾಕಿ (ಮೌಂಟ್ ಕುಕ್) ಬೆಟ್ಟವನ್ನು ನೋಡುತ್ತ ಹಿಂದಿರುಗಿದೆವು. ಆ ನೀರಿನ ಹಾಲುನೀಲಿ ಬಣ್ಣ, ಹಿಮನದಿ ಬಂಡೆಯನ್ನು ಹಿಟ್ಟಿನಂತೆ ಬೀಸಿದ ಪುಡಿಯಿಂದ ಬಂದದ್ದು.

ದಿನದಿನದ ಚಾಕರಿ

ಹೊರಡುವ ಮುಂಚೆ ಪ್ರತಿ ಬೆಳಿಗ್ಗೆ ಒಬ್ಬರು ಒಳಗೆ, ಒಬ್ಬರು ಹೊರಗೆ. ಒಳಗಿನವರು ಕಪಾಟಿನ ಚಿಲಕ, ಗ್ಯಾಸ್, ಫ್ರಿಜ್ ಬಾಗಿಲು. ಹೊರಗಿನವರು ವಿದ್ಯುತ್ ತಂತಿ, ನೀರಿನ ಮುಚ್ಚಳ, ಮೆಟ್ಟಿಲು. ಮೊದಲ ದಿನ ನಾನು ಒಂದು ಚಿಲಕ ಮರೆತೆ. ಮೊದಲ ವೃತ್ತದಲ್ಲಿಯೇ ಹಿಂಡಿಯ ಡಬ್ಬಿ ಹಾರಿ ಬಿದ್ದು, ಹಾಸಿಗೆಯವರೆಗೆ ಬೆಳ್ಳುಳ್ಳಿ ಖಾರ.

ಶೌಚದ ಪೆಟ್ಟಿಗೆಯನ್ನು ಎರಡು ದಿನಕ್ಕೊಮ್ಮೆ ‘ಡಂಪ್ ಸ್ಟೇಷನ್’ ಎಂಬ ನಿಗದಿತ ಗುಂಡಿಯಲ್ಲೇ ಖಾಲಿ ಮಾಡಬೇಕು. ಕೈಗವಸು ಒಯ್ಯಿರಿ, ಸರದಿಯನ್ನು ಮೊದಲೇ ಬರೆದಿಡಿ. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ನಮ್ಮ ಮನೆಯವರು ಶೌಚಾಲಯ ತೊಳೆದದ್ದನ್ನು ನಾನು ಮೊದಲ ಬಾರಿ ಕಂಡದ್ದು ನ್ಯೂಜಿಲೆಂಡಿನಲ್ಲಿ.

ವ್ಯಾನ್ ಒಪ್ಪಿಸುವಾಗ

ಒಂದು ತಾಸು ಮೊದಲೇ ತಲುಪಿ. ಟ್ಯಾಂಕುಗಳು ಖಾಲಿ, ಇಂಧನ ಭರ್ತಿ, ಪಾತ್ರೆ ಸ್ವಚ್ಛ ಇರಬೇಕು. ಪಡೆಯುವಾಗ ತೆಗೆದಂತೆ ಒಪ್ಪಿಸುವಾಗಲೂ ನಾಲ್ಕು ಬದಿ, ಚಾವಣಿ, ಗಾಜು, ಮೀಟರ್ ಫೋಟೊ ತೆಗೆದುಕೊಳ್ಳಿ. ನಮ್ಮ ಗಾಡಿ ಪರೀಕ್ಷಿಸಿದ ಹುಡುಗಿ ಗೀರು ಹುಡುಕುವುದನ್ನು ಬಿಟ್ಟು ಒಳಗೆ ಮೂಗು ಅರಳಿಸಿ ನಿಂತಳು. ಏನು ಅಡುಗೆ ಎಂದು ಕೇಳಿದಳು. ಉಳಿದಿದ್ದ ಮೂರು ರೊಟ್ಟಿಯನ್ನೂ ಡಬ್ಬಿಯ ತಳದ ಹಿಂಡಿಯನ್ನೂ ಅವಳ ಕೈಗಿತ್ತು, ಬಿಲ್ಲಿಗೆ ಸಹಿ ಹಾಕಿದೆವು.